ಚೀಲ ಮರೆತ ಕಾರ್ಯದರ್ಶಿ

ಬಾಗಿಲ ಹಿಂದಿನ ಮೊಳೆಗೆ ಎರಡು ವಸ್ತು ನೇತಾಡುತ್ತಿದ್ದವು: ತಾರಸಿಯ ಕೀಲಿಕೈ ಮತ್ತು ತೆಳ್ಳನೆಯ ಒಂದು ಬಟ್ಟೆ ಚೀಲ. ಕೀಲಿಕೈಯನ್ನು ಕಾರ್ಯದರ್ಶಿಗಳು ಒಂದು ಸಂಜೆಯೂ ಮರೆತವರಲ್ಲ. ಚೀಲವನ್ನು ಒಂದು ಬೆಳಿಗ್ಗೆಯೂ ನೆನೆದವರಲ್ಲ.

ಹೊಟ್ಟೆಪಾಡಿಗೆ ಅವರು ಮುದ್ರಣಾಲಯದಲ್ಲಿ ಕರಡು ತಿದ್ದುವವರು. ಬೇರೆಯವರು ಬಿಟ್ಟ ಕೊಂಬು, ದೀರ್ಘಗಳನ್ನೆಲ್ಲ ಹೆಕ್ಕಿ ತೆಗೆಯುವ ಕಣ್ಣಿಗೆ ಸ್ವಂತ ಮನೆಯ ಚೀಲ ಮಾತ್ರ ಬೀಳುತ್ತಿರಲಿಲ್ಲ. ಕಾರ್ಯದರ್ಶಿಗಿರಿ ಅವರು ವಾಸವಿದ್ದ ನಾಲ್ಕು ಮಹಡಿಯ ಕಟ್ಟಡದ್ದು. ಸಂಬಳವಿಲ್ಲದ, ಬೈಗುಳ ಮಾತ್ರ ಧಾರಾಳವಾಗಿದ್ದ ಆ ಹುದ್ದೆಯನ್ನು ಒಪ್ಪಿಕೊಂಡದ್ದೇ ಅದರ ಜೊತೆ ಬರುವ ತಾರಸಿಯ ಕೀಲಿಕೈಗಾಗಿ. ಮೇಲೆ, ನೀರಿನ ತೊಟ್ಟಿಯ ಅಡಿಯ ನೆರಳಲ್ಲಿ, ಅವರಪ್ಪನ ಕಾಲದ ಆರಾಮ ಕುರ್ಚಿಯೊಂದಿತ್ತು. ಮರದ ಚೌಕಟ್ಟು, ಜೋತುಬಿದ್ದ ನೀಲಿ ಪಟ್ಟೆಯ ಕ್ಯಾನ್ವಾಸು. ಸಂಜೆ ಅರ್ಧ ಗಂಟೆ ಅದರಲ್ಲಿ ಮೈಚೆಲ್ಲಿದರೆ, ದಿನವಿಡೀ ಕಂಡ ತಪ್ಪೆಲ್ಲ ಲೋಕದ್ದು, ತನ್ನದೇನಿಲ್ಲ ಅನ್ನಿಸುತ್ತಿತ್ತು.

ಕಳೆದ ತಿಂಗಳ ಸಭೆಯಲ್ಲಿ ಅವರೇ ಗುಡುಗಿದ್ದರು: "ಇನ್ನು ಈ ಗೇಟಿನೊಳಗೆ ಪ್ಲಾಸ್ಟಿಕ್ ಕವರ್ ಬರಕೂಡದು. ತಂದವರು ಯಾರೇ ಆಗಿರಲಿ, ಹುದ್ದೆ ಇದ್ದರೆ ಹುದ್ದೆ ಹೋಗಲಿ." ಕಟ್ಟಡದಲ್ಲಿ ಹುದ್ದೆ ಇದ್ದದ್ದು ತನ್ನೊಬ್ಬನಿಗೇ ಎಂಬುದು ಚಪ್ಪಾಳೆ ಮುಗಿದ ಮೇಲೆ ಹೊಳೆಯಿತು. ಅಷ್ಟರಲ್ಲಿ ನೆಲಮಹಡಿಯ ನಿವೃತ್ತ ಸ್ಟೇಷನ್ ಮಾಸ್ತರರು ಗೇಟಿನ ತಪಾಸಣೆಯನ್ನು ಮೈಮೇಲೆ ಎಳೆದುಕೊಂಡಾಗಿತ್ತು. ಕಾರ್ಯದರ್ಶಿ ಇಳಿದರೆ ಏರುವವರೂ ಅವರೇ. ತಾರಸಿಯ ಮೇಲೆ ಪಾರಿವಾಳ ಸಾಕಬೇಕೆಂಬುದು ಅವರ ಬಹುದಿನದ ಆಸೆ.

ಆ ದಿನ ಬೆಳಿಗ್ಗೆ ಮಡದಿ ಪಟ್ಟಿ ಬರೆದು ಗಂಡನ ಜೇಬಿಗೆ ತುರುಕಿದರು.

"ಸಾಯಂಕಾಲ ನನ್ನ ತಮ್ಮ ಊಟಕ್ಕೆ ಬರ್ತಾನೆ. ಮನೇಲಿ ಒಂದು ಈರುಳ್ಳೀನೂ ಇಲ್ಲ. ಚೀಲ ಮರೀಬೇಡಿ ರೀ."

"ನಾನೇ ಮಾಡಿದ ನಿಯಮ, ನಾನು ಮರೀತೀನಾ?" ಎನ್ನುತ್ತ ಅವರು ಕೊಡೆ ಎತ್ತಿಕೊಂಡರು, ಊಟದ ಡಬ್ಬಿ ಎತ್ತಿಕೊಂಡರು, ಹೊರಟೇಬಿಟ್ಟರು. ಚೀಲ ಮೊಳೆಯಲ್ಲೇ ತೂಗುತ್ತ ಅವರ ಬೆನ್ನು ನೋಡಿತು.

ಸಂಜೆ ಮುದ್ರಣಾಲಯದ ಪಕ್ಕದ ಅಂಗಡಿಯಲ್ಲಿ ತರಕಾರಿಯಮ್ಮ ತೂಕ ಮುಗಿಸಿದಾಗಲೇ ಅವರ ಕೈ ಗಾಳಿಯಲ್ಲಿ ಚೀಲ ಹುಡುಕಿದ್ದು.

"ಕವರ್ ಕೊಡ್ಲಾ ಅಣ್ಣ?"

"ಬೇಡಕ್ಕ, ಕವರ್ ಹಿಡ್ಕೊಂಡು ಹೋದ್ರೆ ಕಾರ್ಯದರ್ಶಿ ಪಟ್ಟ ಹೋಗುತ್ತೆ. ಬಟ್ಟೆ ಚೀಲ ಮಾರ್ತಿದ್ರಲ್ಲ?"

"ನಿಮ್ಮಂಥ ಮರೆವಿನೋರೇ ಬಂದು ಮಧ್ಯಾಹ್ನಕ್ಕೆ ಖಾಲಿ ಮಾಡಿದ್ರು."

ಆಕೆಯ ಹಿಂದಿನ ಕಪಾಟಿನಲ್ಲಿ ಬಿಸ್ಕತ್ತು, ಬ್ರೆಡ್ಡು, ಸಾಬೂನು ಎಲ್ಲವೂ ಮಿರಿಮಿರಿ ಮಿಂಚುವ ಪ್ಲಾಸ್ಟಿಕ್ಕಿನೊಳಗೆ ದೊರೆಗಳ ಹಾಗೆ ಕೂತಿದ್ದವು. ಕಾರ್ಖಾನೆಯವನು ಸುತ್ತಿದರೆ ಅದು ವ್ಯಾಪಾರ, ಕರಡು ತಿದ್ದುವವನು ಹಿಡಿದರೆ ಅಪರಾಧ. ಇದರ ಮೇಲೊಂದು ಭಾಷಣ ಬಿಗಿಯಲು ನಾಲಿಗೆ ತುರಿಸಿತು. ಆದರೆ ಹಿಂದಿನ ಭಾಷಣದ ಫಲವೇ ಇನ್ನೂ ತಕ್ಕಡಿಯಲ್ಲಿ ಬಿದ್ದಿತ್ತು.

ಆರು ಮೊಟ್ಟೆ ಊಟದ ಡಬ್ಬಿಗೆ ಇಳಿದವು. ಈರುಳ್ಳಿ ಪ್ಯಾಂಟಿನ ಜೇಬು ಸೇರಿ, ಕಾರ್ಯದರ್ಶಿಗಳ ಸೊಂಟ ಹುಣಸೆಮರದ ಬೊಡ್ಡೆಯಂತಾಯಿತು. ಟೊಮೇಟೊಗಳನ್ನು ಅಂಗಿಯೊಳಗೆ ಬಿಟ್ಟು ಬೆಲ್ಟು ಬಿಗಿದರು. ಉಳಿದದ್ದು ಆಲೂಗಡ್ಡೆ. ಅವರ ಕಣ್ಣು ಮಡಚಿದ ಕೊಡೆಯ ಮೇಲೆ ಬಿತ್ತು.

"ಕೊಡೆ ಒಳಗಾ?" ತರಕಾರಿಯಮ್ಮ ಬಾಯಿಗೆ ಸೆರಗು ಅಡ್ಡ ಹಿಡಿದರು. "ಮಳೆ ಬಂದ್ರೆ?"

"ಬರಲ್ಲ ಬಿಡಿ."

ಬಸ್ಸಿನಲ್ಲಿ ನೂಕುನುಗ್ಗಲು. ಮೊದಲ ತಿರುವಿಗೆ ಯಾರದೋ ಮೊಣಕೈ ತಗಲಿ ಎದೆಯ ಮೇಲೆ ಏನೋ ತಣ್ಣಗೆ ಹರಿಯಿತು. ಎರಡನೆಯ ತಿರುವಿಗೆ ಹೊಟ್ಟೆಯ ಮೇಲೂ. ಬಸ್ಸಿಳಿದರೆ ಮಳೆ ಧೋ ಎಂದು ಸುರಿಯುತ್ತಿತ್ತು. ಕೊಡೆಯನ್ನು ಕೂಸಿನಂತೆ ಅವಚಿಕೊಂಡು ಅವರು ತೊಯ್ಯುತ್ತ ನಡೆದರು.

ಎದುರಿಗೆ ಸಿಕ್ಕವರು ಮೂರನೇ ಮಹಡಿಯ ನರ್ಸಮ್ಮ. ಮೂವತ್ತು ವರ್ಷ ಆಸ್ಪತ್ರೆಯಲ್ಲಿ ದುಡಿದವರು. ಯಾರನ್ನು ಕಂಡರೂ ಮೊದಲು ನಾಡಿ, ಆಮೇಲೆ ಮಾತು.

"ಅಯ್ಯೋ, ಎದೆಯೆಲ್ಲಾ ರಕ್ತ. ಕೊಡೆ ಇದ್ರೂ ಬಿಚ್ತಿಲ್ಲ ಅಂದ್ರೆ ತಲೆಗೂ ಪೆಟ್ಟು ಬಿದ್ದಿದೆ. ಕೂತ್ಕೊಳ್ಳಿ ಇಲ್ಲೇ."

"ಏನೂ ಆಗಿಲ್ಲ ನರ್ಸಮ್ಮ, ಕೊಡೆ ಮುಟ್ಟಬೇಡಿ, ದಮ್ಮಯ್ಯ—"

"ರೋಗಿಗಳೆಲ್ಲ ಹೀಗೇ ಅನ್ನೋದು," ಎಂದು ನರ್ಸಮ್ಮ ಕೊಡೆ ಕಸಿದು ಪಟ್ಟನೆ ಬಿಚ್ಚಿದರು. ಎರಡು ಕಿಲೋ ಆಲೂಗಡ್ಡೆ ಇಬ್ಬರ ತಲೆಯ ಮೇಲೂ ಸುರಿಯಿತು. ನರ್ಸಮ್ಮ ನೆತ್ತಿ ಸವರಿಕೊಂಡು, ಅವರ ಅಂಗಿಗೆ ಬೆರಳಿಟ್ಟು, ಅಂಟಿದ ಬೀಜ ನೋಡಿ, "ಟೊಮೇಟೊ," ಎಂದು ರೋಗ ಗುರುತಿಸಿದರು.

ಹೀಗೆ ಇಬ್ಬರೂ ಮಡಿಲು, ಬೊಗಸೆಗಳಲ್ಲಿ ಆಲೂಗಡ್ಡೆ ಹೊತ್ತು ಗೇಟಿಗೆ ಬಂದರು. ಸ್ಟೇಷನ್ ಮಾಸ್ತರರು ಕೈ ಅಡ್ಡ ಹಿಡಿದು ಗಾಡಿ ನಿಲ್ಲಿಸಿದರು.

"ಜೇಬಲ್ಲೇನು?"

"ಈರುಳ್ಳಿ."

"ಡಬ್ಬೀಲಿ?"

"ಮೊಟ್ಟೆ. ನಾಲ್ಕು ಮೊಟ್ಟೆ, ಎರಡರದ್ದು ಬರೀ ರಸ."

ಮಾಸ್ತರರು ಕೊಡೆಯನ್ನು ತಲೆಕೆಳಗು ಮಾಡಿ ಕೊಡವಿದರು. ಉಳಿದಿದ್ದ ಒಂದು ಆಲೂಗಡ್ಡೆ ಅವರ ಕಾಲಮೇಲೆ ಬಿತ್ತು. ಕವರ್ ಎಲ್ಲೂ ಇರಲಿಲ್ಲ. ಪಾರಿವಾಳಗಳು ಒಂದೊಂದಾಗಿ ಹಾರಿಹೋಗುತ್ತಿರುವುದು ಅವರ ಮುಖದಲ್ಲೇ ಕಾಣುತ್ತಿತ್ತು.

"ಹೋಗಿ," ಅಂದರು ಕುಂಟುತ್ತ.

ಕಾರ್ಯದರ್ಶಿಗಳು ತರಕಾರಿಯನ್ನು ಅಡುಗೆಮನೆಯಲ್ಲಿ ಸುರಿದು, ಒದ್ದೆ ಅಂಗಿ ಬದಲಿಸಿ, ಮೊಳೆಯಿಂದ ಕೀಲಿಕೈ ಎಳೆದುಕೊಂಡು, ಗೆದ್ದ ಕುದುರೆಯಂತೆ ಮೆಟ್ಟಿಲು ಹತ್ತಿದರು. ಮಳೆ ನಿಂತಿತ್ತು. ಬಾಗಿಲು ತೆರೆದರು. ತೊಟ್ಟಿಯ ಅಡಿಯಲ್ಲಿ ಕುರ್ಚಿಯ ಮರದ ಚೌಕಟ್ಟು ಮಾತ್ರ ಬಾಯಿ ತೆರೆದುಕೊಂಡು ನಿಂತಿತ್ತು.

ಹಿಂದೆಯೇ ಏದುಸಿರು ಬಿಡುತ್ತ ಬಂದ ಮಡದಿಯ ಕೈಯಲ್ಲಿ ದಪ್ಪನೆಯ ಹೊಸ ಚೀಲ. ನೀಲಿ ಪಟ್ಟೆಯದು.

"ಬೆಳಿಗ್ಗೆ ಚೀಲ ಮೊಳೇಲೇ ಇರೋದು ನೋಡಿ ಎದೆ ಧಸಕ್ ಅಂತು. ಇವತ್ತೇನೋ ಹೇಗೋ ಪಾರಾದ್ರಿ, ನಾಳೆ? ಆ ತೆಳ್ಳನೇದು ನಿಮ್ಮ ಕಣ್ಣಿಗೆ ಬೀಳಲ್ಲ. ನೀವು ಜಗತ್ತಲ್ಲಿ ಮರೀದೇ ಇರೋದು ಈ ಪಟ್ಟೆ ಒಂದನ್ನೇ ಅಲ್ವಾ? ಮಧ್ಯಾಹ್ನವೆಲ್ಲ ಕೂತು ಹೊಲಿದೆ. ಕೀಲಿಕೈ ನಿಮ್ಮ ಹತ್ತಿರಾನೇ ಉಳೀಲಿ ಅಂತ."

ಕಾರ್ಯದರ್ಶಿಗಳು ಬಾಯಿಗೆ ಬಂದ ವಾಕ್ಯವನ್ನು ಕರಡಿನಲ್ಲೇ ಹೊಡೆದುಹಾಕಿದರು. ಆಕೆಯ ಹೆಬ್ಬೆರಳಿನ ತುದಿಯಲ್ಲಿ ಸೂಜಿ ಚುಚ್ಚಿದ ಗುರುತುಗಳಿದ್ದವು.

"ಹೊಲಿಗೆ ಗಟ್ಟಿಯಾಗಿದೆ," ಅಂದರು.

ಆಕೆ ಖುಷಿಯಾಗಿ ಕೆಳಗಿಳಿದು ಹೋದರು. ಅವರು ಚೀಲವನ್ನು ನಾಲ್ಕು ಮಡಿಕೆ ಮಾಡಿ ತೊಟ್ಟಿಯ ಅಡಿಯ ಒಣನೆಲಕ್ಕೆ ಹಾಸಿ, ಅದರ ಮೇಲೆ ಕೂತು, ಚೌಕಟ್ಟಿಗೆ ಬೆನ್ನು ಆನಿಸಿದರು. ತಂಗಾಳಿ ಬೀಸಿತು. ಅಂಥ ಕೆಟ್ಟ ಆಸನವೇನೂ ಅಲ್ಲ.

ಅರ್ಧ ಗಂಟೆಯ ಮೇಲೆ ಭಾವಮೈದುನನ ದನಿ ಕೇಳಿ ಎದ್ದರು. ಬಾಗಿಲಿಗೆ ಬೀಗ ಹಾಕಿ, ಎರಡು ಸಲ ಜಗ್ಗಿ ನೋಡಿ, ಕೆಳಗಿಳಿದು, ಕೀಲಿಕೈಯನ್ನು ಜೋಪಾನವಾಗಿ ಮೊಳೆಗೆ ನೇತುಹಾಕಿದರು.

ಚೀಲ ಮೇಲೆಯೇ ಉಳಿದಿತ್ತು.