ಎಂಜಲಾಗದ ಇಮೇಲ್

ನಿಂಬೋಡಿ ತಾಲ್ಲೂಕು ಪಶುವೈದ್ಯಕೀಯ ಕಚೇರಿಯ ಇಮೇಲನ್ನು ಏಕಕಾಲಕ್ಕೆ ಮೂರು ಯಂತ್ರಗಳಲ್ಲಿ ತೆರೆಯುವ ವ್ಯವಸ್ಥೆಯು ಶ್ರಾವಣದ ಎರಡನೇ ಸೋಮವಾರದಿಂದ ಜಾರಿಗೆ ಬಂದಿರುತ್ತದೆ. ಸಾಹೇಬರ ಕೋಣೆಯ ಕಂಪ್ಯೂಟರ್, ಹೆಡ್ ಕ್ಲರ್ಕ್ ಕುಲಥೆಯವರ ಮೊಬೈಲು ಮತ್ತು ಬಂದ-ಹೋದ ಟಪಾಲಿನ ಲೆಕ್ಕವಿಡುವ ಆವಕ-ಜಾವಕ ವಿಭಾಗದ ಗುಮಾಸ್ತನಾದ ನನ್ನ ಟ್ಯಾಬ್ಲೆಟ್ಟು, ಈ ಮೂರಕ್ಕೂ ಅರಿಶಿನ ಕುಂಕುಮ ಹಚ್ಚಲಾಯಿತು. ಪಾಸ್‌ವರ್ಡನ್ನು ಅರಗಿನ ಮುದ್ರೆ ಒತ್ತಿದ ಲಕೋಟೆಯಲ್ಲಿ ತಲಾ ಒಂದರಂತೆ ಹಂಚಲಾಯಿತು. ಉಪವಾಸದವರಿಗೆ ಸಾಬುದಾಣೆ ಖಿಚಡಿ ಇತ್ತು, ಅಂದು ಎಲ್ಲರೂ ಉಪವಾಸದವರೇ ಆಗಿದ್ದರು.

ಮರುದಿನವೇ ಸಾಹೇಬರಾದ ಡಾಕ್ಟರ್ ಇನಾಮದಾರರು ನಮ್ಮಿಬ್ಬರನ್ನೂ ಒಳಗೆ ಕರೆದರು.

"ಕುಲಥೆ, ನಿನ್ನೆ ಬಂದ ಟಪಾಲು ದಪ್ಪಕ್ಷರದಲ್ಲಿತ್ತು. ಇವತ್ತು ನಾನು ನೋಡೋ ಹೊತ್ತಿಗೆ ತೆಳ್ಳಗಾಗಿದೆ. ನನಗಿಂತ ಮುಂಚೆ ಇದಕ್ಕೆ ಯಾರು ಬಾಯಿ ಹಾಕಿದ್ದು?"

"ಸಾಹೇಬ, ಒಂದು ಕಡೆ ಓದಿದ್ರೆ ಮೂರೂ ಕಡೆ ಓದಿದ ಹಾಗೆ ಕಾಣ್ಸುತ್ತೆ. ಅದರ ಗುಣವೇ ಹಾಗೆ."

"ಅಂದ್ರೆ ನಾನು ನಿಮ್ಮ ಎಂಜಲು ಓದ್ಬೇಕಾ?"

ಪ್ರಶ್ನೆ ನ್ಯಾಯವಾದದ್ದೇ. ಕಚೇರಿಗೆ ಬಂದ ಟಪಾಲನ್ನು ಮೊದಲು ಒಡೆಯುವ ಹಕ್ಕು ಸಾಹೇಬರದು, ಅದೂ ಅವರ ಕುರ್ಚಿಯಲ್ಲಿ ಕೂತು. ಸಂಜೆಯೊಳಗೆ ಆದೇಶ ಹೊರಟಿತು: "ಕೆಳಗಿನ ಸಿಬ್ಬಂದಿ ಯಾವುದೇ ಇಮೇಲನ್ನು ಓದಿದ್ದಲ್ಲಿ, ಕೂಡಲೇ ಅದನ್ನು 'ಓದಿಲ್ಲ' ಎಂದು ಗುರುತು ಮಾಡಿ ಮಡಿ ಮಾಡತಕ್ಕದ್ದು. ಸಾಹೇಬರು ಕುರ್ಚಿಯಲ್ಲಿ ಓದುವ ತನಕ ಅದರ ಒಳಗಿನ ಸಂಗತಿ ಯಾರಿಗೂ ತಿಳಿದಿರತಕ್ಕದ್ದಲ್ಲ." ಇಷ್ಟು ಮಾಡಿ ಸಾಹೇಬರು, ಇಮೇಲುಗಳ ತ್ವರಿತ ವಿಲೇವಾರಿ ಕುರಿತ ಹದಿನೈದು ದಿನದ ತರಬೇತಿಗೆ ಪುಣೆಗೆ ಹೋದರು.

ಅವರು ಹೋದ ಮೂರನೇ ದಿನ ಜಿಲ್ಲೆಯಿಂದ ಇಮೇಲು ಬಂತು. ಕುರಿಗಳ ರೋಗಕ್ಕೆ ಇನ್ನೂರು ಲಸಿಕೆ ಸಿದ್ಧವಿದೆ, ಮೂರು ದಿನದೊಳಗೆ ಒಪ್ಪಿಗೆ ಬರೆದರೆ ಗಾಡಿ ಹೊರಡುತ್ತದೆ ಎಂದಿತ್ತು. ನಾನು ಓದಿ ಮಡಿ ಮಾಡಿದೆ. ಕುಲಥೆಯವರೂ ಓದಿ ಮಡಿ ಮಾಡಿದರು.

ಆ ಲಸಿಕೆಗೆ ಅರ್ಜಿ ಕೊಟ್ಟವಳು ಗೋಜರಾಬಾಯಿ ಮದನೆ, ಕುರಿ ಕಾಯುವ ಧನಗರ ಹೆಂಗಸು. ನಲವತ್ತೆರಡು ಕುರಿಗಳೇ ಅವಳ ಬದುಕು. ಅವುಗಳಲ್ಲಿ ಕೆಲವು ಆಗಲೇ ಮೂಗು ಸೋರಿಸಿಕೊಂಡು ಕೆಮ್ಮುತ್ತಿದ್ದವು.

"ಭಾವು, ಕಾಗದ ಬಂತೇನೋ?" ಎಂದು ಅವಳು ನನ್ನ ಮೇಜಿನ ಮುಂದೆ ನಿಂತಳು.

"ಬಂದಿದೆ ಮಾವಶಿ."

"ಏನಂತೆ?"

"ಇನ್ನೂ ಓದಿಲ್ಲ."

"ಕೈಯಲ್ಲೇ ಹಿಡ್ಕೊಂಡಿದ್ದೀಯಲ್ಲೋ! ಅಕ್ಷರ ಬರಲ್ವಾ ನಿಂಗೆ? ನಮ್ಮ ಮೊಮ್ಮಗಳನ್ನ ಕಳಿಸ್ಲಾ? ಮೂರನೇ ಇಯತ್ತೆ ಅವಳು, ಪಟಪಟ ಓದ್ತಾಳೆ."

ಕುಲಥೆಯವರು ಪುಣೆಗೆ ಫೋನು ಹಚ್ಚಿದರು. "ಸಾಹೇಬ, ಲಸಿಕೆಯ ಇಮೇಲು ಬಂದ ಹಾಗಿದೆ."

"ಓದದೆ ನಿನಗೆ ಹೇಗೆ ಗೊತ್ತಾಯ್ತು?"

"ಅಂದಾಜು, ಸಾಹೇಬ."

"ಅಂದಾಜು ಚೆನ್ನಾಗಿದೆ. ನಾನು ಬಂದು ಕುರ್ಚಿ ಮೇಲೆ ಕೂತು ಓದ್ತೀನಿ. ಅಲ್ಲೀತನಕ ದಪ್ಪಗೇ ಇರ್ಲಿ."

ಗೋಜರಾಬಾಯಿ ದಿನವೂ ಬಂದಳು. ಉಳಿದದ್ದು ಮೊದಲು ಮೂವತ್ತೈದು ಅಂದಳು, ಆಮೇಲೆ ಇಪ್ಪತ್ತು ಅಂದಳು, ಆಮೇಲೆ ಎಷ್ಟೆಂದು ಹೇಳುವುದನ್ನೇ ಬಿಟ್ಟಳು. ಒಂದು ಸಾಲು ಒಪ್ಪಿಗೆ ಬರೆದುಬಿಡಲು ಎರಡು ಸಲ ಬೆರಳು ಎತ್ತಿದೆ. ಓದದ ಪತ್ರಕ್ಕೆ ಉತ್ತರ ಬರೆದವನು ಯಾರೆಂದು ವಿಚಾರಣೆ ಆಗುತ್ತದೆಂದು ಎರಡು ಸಲವೂ ಇಳಿಸಿದೆ. ನಾಚಿಕೆಯಾಯಿತು. ಆದರೆ ನೌಕರಿ ಉಳಿಯಿತು.

ತರಬೇತಿ ಮುಗಿಸಿ ಬಂದ ಸಾಹೇಬರು ಕುರ್ಚಿಯಲ್ಲಿ ಕೂತು ಇಮೇಲನ್ನು ಪ್ರಥಮವಾಗಿ ಓದಿದರು. ಅವಧಿ ಮೀರಿತ್ತು, ಗಾಡಿ ಪಕ್ಕದ ತಾಲ್ಲೂಕಿಗೆ ಹೋಗಿತ್ತು. ರೋಗದ ಕುರಿಗಳೂ ಬಹುಮಟ್ಟಿಗೆ ಹೋಗಿದ್ದವು. ಆದ್ದರಿಂದ "ಈ ತಾಲ್ಲೂಕಿನಲ್ಲಿ ಈಗ ರೋಗಪೀಡಿತ ಕುರಿಗಳು ಇರುವುದಿಲ್ಲ, ಲಸಿಕೆಯ ಅಗತ್ಯವಿಲ್ಲ" ಎಂದು ಉತ್ತರ ಹೋಯಿತು. ಒಂದೇ ಒಂದು ಲಸಿಕೆ ಬಳಸದೆ ರೋಗ ನಿರ್ಮೂಲನ ಮಾಡಿದ ಮೊದಲ ಕಚೇರಿಯೆಂದು ಜಿಲ್ಲೆಯಿಂದ ಅಭಿನಂದನೆ ಬಂತು. ಪೇಢೆ ಹಂಚಲಾಯಿತು.

ಪೇಢೆಯ ಡಬ್ಬಿ ಇನ್ನೂ ಮೇಜಿನ ಮೇಲಿರುವಾಗಲೇ ಗೋಜರಾಬಾಯಿ ಬಾಗಿಲಿಗೆ ಬಂದಳು. ಉಳಿದದ್ದು ಒಂದೇ ಹೆಣ್ಣುಕುರಿ, ಅದನ್ನು ಹಗ್ಗ ಕಟ್ಟಿ ನಡೆಸಿಕೊಂಡು ಬಂದಿದ್ದಳು. ಅದು ಕೆಮ್ಮಿತು. ಅಭಿನಂದನೆ ಓದುತ್ತಿದ್ದ ಸಾಹೇಬರು ಓದುವುದನ್ನು ನಿಲ್ಲಿಸಿದರು.

"ಮಾವಶಿ," ಎಂದರು ಕುಲಥೆಯವರು ಮೆಲ್ಲಗೆ, "ನಮ್ಮ ತಾಲ್ಲೂಕಿನಲ್ಲಿ ಈಗ ರೋಗ ಇಲ್ಲ. ಮೇಲಕ್ಕೆ ಬರೆದು ಕಳಿಸಿ ಆಗಿದೆ."

ಅವಳು ಬೈಯುತ್ತಾಳೆಂದು ನಾನು ಕಾದೆ. ಅವಳು ಕುರಿಯ ಮೂಗನ್ನು ಸೆರಗಿನಿಂದ ಒರೆಸಿದಳು.

"ಆಯ್ತು ಸಾಹೇಬ. ಹಾಗಾದ್ರೆ ಇದು ಕೆಮ್ಮಿಲ್ಲ," ಎಂದಳು. "ನೀವು ಯಾರೂ ನೋಡಿಲ್ಲ ಅಂತ ಮಾಡ್ಕೊಳ್ಳಿ. ನಾನು ಇದನ್ನ ಪಕ್ಕದ ತಾಲ್ಲೂಕಿಗೆ ನಡೆಸ್ಕೊಂಡು ಹೋಗ್ತೀನಿ."

ಅವಳ ಮನವಿಯನ್ನು ಸಾಹೇಬರು ಸ್ಥಳದಲ್ಲೇ ಮಂಜೂರು ಮಾಡಿದರು. ಅವಳು ರಸ್ತೆಯ ತಿರುವು ದಾಟುವ ತನಕ ಕಚೇರಿಯ ಸಿಬ್ಬಂದಿಯೆಲ್ಲ ಗೋಡೆಯ ಕಡೆ ಮುಖ ಮಾಡಿ ನಿಂತಿದ್ದೆವು.