ಸತ್ತವರನ್ನು ಬದುಕಿಸುವ ಇಂಗ್ಲಿಷ್ ಪಾಠ

ಇಂಗ್ಲಿಷ್ ಸಾಹಿತ್ಯದಲ್ಲಿ ಸತ್ತವರ ಪೈಕಿ ಅರ್ಧಕ್ಕರ್ಧ ಜನ ಶ್ರೀರಂಗಪಟ್ಟಣದ ಒಂದು ಜಗಲಿಯ ಮೇಲೆ ಮತ್ತೆ ಎದ್ದು ಕೂತರು ಎಂದರೆ ನಂಬುತ್ತೀರಾ? ಬದುಕಿಸಿದವರು ನನ್ನ ಸೋದರಮಾವ! ಮೈಸೂರಿನಲ್ಲಿ ಇಂಟರ್‌ಮೀಡಿಯೆಟ್ ಓದಿ ಬಂದು ಗದ್ದೆ ನೋಡಿಕೊಂಡಿದ್ದರು. ಸಂಜೆ ನನಗೂ, ನಾಗಮಂಗಲದಿಂದ ಬಂದು ನಮ್ಮಲ್ಲಿ ಓದುತ್ತಿದ್ದ ಗೆಳೆಯನಿಗೂ ಹೈಸ್ಕೂಲಿನ ಇಂಗ್ಲಿಷ್ ಪಾಠ ಹೇಳಿಕೊಡುತ್ತಿದ್ದರು.

ವ್ಯಾಕರಣದಲ್ಲಿ ಯಾರು ಸಾಯುತ್ತಾರೆ ಎನ್ನುತ್ತೀರಿ? 'ವೈದ್ಯರು ಬರುವ ಮೊದಲೇ ರೋಗಿ ಸತ್ತಿದ್ದನು' ಎಂಬ ವಾಕ್ಯವನ್ನು ಮಾವ 'ರೋಗಿ ಊಟ ಮಾಡಿದ್ದನು' ಎಂದು ತಿದ್ದಿಸಿದರು. ಗೆಳೆಯ ಅದನ್ನೇ ತರಗತಿಯಲ್ಲಿ ಓದಿದ.

"ಹಾಗಾದರೆ ಡಾಕ್ಟರನ್ನ ಯಾಕಯ್ಯಾ ಕರೆಸಿದ್ರು?" ಎಂದರು ಮೇಷ್ಟರು.

"ಜೊತೇಲಿ ಉಣ್ಣಕ್ಕೆ ಸಾ!"

ಕಾರಣ ಬಾಗಿಲ ಹಿಂದಿತ್ತು. ಒಬ್ಬಳೇ ಮಗಳು ಪ್ಲೇಗಿನಲ್ಲಿ ಹೋದಮೇಲೆ ಅತ್ತೆಯ ಕಿವಿಗೆ ಸಾವಿನ ಮಾತು ಬೀಳಬಾರದೆಂದು ಮಾವನ ಹಟ. ಅತ್ತೆಯೋ ಒಳಗೆ ಅಕ್ಕಿ ಕೇರುತ್ತ, ಮಾವ ಕನ್ನಡದಲ್ಲಿ ಬಿಡಿಸಿ ಹೇಳುವ ಕಥೆಗಳನ್ನೆಲ್ಲ ಕೇಳುತ್ತಿದ್ದರು. ಕಥೆ ಬಿಗಿಯಾದರೆ ಮೊರದ ಸದ್ದು ನಿಲ್ಲುತ್ತಿತ್ತು. ಹಾಗಾಗಿ ಯುದ್ಧದಲ್ಲಿ ಮಡಿದ ಸೇನಾಪತಿ ನಮ್ಮ ಜಗಲಿಯ ಮೇಲೆ ಬರೀ ಎಡವಿದ್ದ!

ಒಂದು ನಾಟಕದಲ್ಲಿ ರಾಜಕುಮಾರಿ ವಿಷ ಕುಡಿಯುತ್ತಾಳೆ. (ವಿಷವೋ, ಕತ್ತಿಯೋ? ನನ್ನ ನೆನಪನ್ನು ನಂಬುವಂತಿಲ್ಲ, ಸತ್ತದ್ದಂತೂ ನಿಜ.) ಮೊರ ನಿಂತಿತು.

"ಕಸಾಯ ಕುಡುದ್ಳು ಕಣ್ರಲಾ," ಎಂದು ಮಾವ ಒಳಕ್ಕೆ ಕೇಳುವಂತೆ ಕೂಗಿದರು. "ಕಯ್ಯಿ ಅಂತ ಮೊಕ ಕಿವುಚ್ಕಂಡು ಮನಿಕಂಡ್ಳು. ಏಳ್ರಲಾ, ಮಿಕ್ಕಿದ್ದು ವೊಳೆತಾವ!"

"ನಾಳೆ ಪರೀಕ್ಸೆ ಮಾವ! ಕಸಾಯ ಅಂತ್ಲೇ ಬರೀಲಾ?" ಎಂದ ಗೆಳೆಯ.

"ಬಾಯ್ಮುಚ್ಕಂಡ್ ನಡೀಲಾ!"

ಪ್ರತಿ ನಾಟಕದ ಕೊನೆಯ ಅಂಕವೂ ಕಾವೇರಿಯ ಮೆಟ್ಟಿಲ ಮೇಲೆಯೇ. ಅಲ್ಲಿ ಪಿಸುದನಿಯಲ್ಲಿ ನಿಜ ಹೇಳಿ ಮುಗಿಸಿ, ನೀರಿಗಿಳಿದು ಬಹಳ ಹೊತ್ತು ಮುಖ ತೊಳೆಯುತ್ತಿದ್ದರು. ಅಷ್ಟೊಂದು ಕೊಳೆ ಎಲ್ಲಿಂದ ಬರುತ್ತದೋ ಎಂದು ನಾವು ನಗುತ್ತಿದ್ದೆವು.

ಅಂದು ಹೊಳೆಗೆ ಹೊರಡಲು ಮಾವ ಚಪ್ಪಲಿ ಹುಡುಕುತ್ತಿದ್ದಾಗ ಅತ್ತೆ ನನ್ನನ್ನು ಒಳಕ್ಕೆ ಕರೆದರು.

"ಆ ಉಡ್ಗಿ ಸತ್ತೋಯ್ತಳೆ, ಅಲ್ವೇನ್ಲಾ?"

ಮಾವನಿಗೆ ಕೇಳಿಸೀತೆಂದು ನಾನು ಬಾಗಿಲತ್ತ ತಿರುಗಿದೆ.

"ಯಾವತ್ತಿಂದ್ಲೂ ಗೊತ್ತು ಬುಡು. ನಂಗೆ ಗೊತ್ತೈತೆ ಅಂತ ನಿಮ್ಮಾವಂಗೆ ಯೋಳ್ಬುಟ್ಟೀಯ, ಜ್ವಾಕೆ!" ಎಂದು ಒಗೆದ ಚೌಕವೊಂದನ್ನು ನನ್ನ ಹೆಗಲ ಮೇಲೆ ಹಾಕಿದರು. "ಮೊಕ ತೊಳ್ಕಂಡ್ಮೇಲೆ ಕೊಡು. ಮನೇಲಂತೂ ಅಳಕ್ಕಿಲ್ಲ ಅವ್ರು."