ಡೆಲೇನಿಯ ಕಾಲೇಜು, ವರ್ನನ್ನನ ಜೋಳ

ಅಕ್ಟೋಬರ್ ಮುಗಿಯುತ್ತ ಬಂದಿತ್ತು. ಅಯೋವಾದ ಬಯಲಿನಲ್ಲಿ ಒಣಗಿದ ಮೆಕ್ಕೆಜೋಳ ಸರಸರ ಎನ್ನುತ್ತಿತ್ತು. ವರ್ನನ್ ಡಿರ್ಕ್ಸ್ ಬೆಳಗಿನಿಂದ ಕಟಾವು ಯಂತ್ರದ ಮೇಲಿದ್ದ. ಯಂತ್ರದ ಹೊಟ್ಟೆ ತುಂಬಿದಾಗಲೆಲ್ಲ ತಾನೇ ಇಳಿದು, ಟ್ರ್ಯಾಕ್ಟರ್ ಹತ್ತಿ, ಕಾಳಿನ ಗಾಡಿಯನ್ನು ಪಕ್ಕಕ್ಕೆ ಎಳೆದು ತಂದು, ಅದರೊಳಗೆ ಕಾಳು ಸುರಿಯಲು ಮತ್ತೆ ಯಂತ್ರ ಏರುತ್ತಿದ್ದ. ಇಬ್ಬರ ಗರಗಸದ ಎರಡೂ ತುದಿಯನ್ನು ಒಬ್ಬನೇ ಹಿಡಿದವನ ಹಾಗೆ. ಪಡುವಣದಲ್ಲಿ ಮೋಡ ಕಟ್ಟಿತ್ತು. ಸಂಜೆಗೆ ಮಳೆಗಾಳಿ ಬಂದರೆ ನಿಂತ ಬೆಳೆ ನೆಲಕ್ಕೆ ಒರಗುತ್ತದೆ.

ಕಾಳಿನ ಗಾಡಿ ಯಾವಾಗಲೂ ಮಗಳು ಡೆಲೇನಿಯ ಪಾಲು. ಹೋದ ವರ್ಷದವರೆಗೆ ಹೈಸ್ಕೂಲಿಗೆ ಒಂದು ಫೋನು ಮಾಡಿದರೆ ಸುಗ್ಗಿಗೆಂದು ಅವಳನ್ನು ಕಳಿಸಿಕೊಡುತ್ತಿದ್ದರು. ಈ ವರ್ಷ ಅವಳಿಗೆ ಬೆಳಗ್ಗೆ ಹೈಸ್ಕೂಲು, ಮಧ್ಯಾಹ್ನದ ಮೇಲೆ ಪಟ್ಟಣದ ಕಾಲೇಜು. ಹೈಸ್ಕೂಲು ಮುಗಿಯುವ ಮೊದಲೇ ಮಕ್ಕಳಿಗೆ ಕಾಲೇಜು ಪಾಠ ಬೇಕೋ ಬೇಡವೋ ಎಂದು ಶಾಲೆಯಲ್ಲಿ ಸಭೆ ನಡೆದಾಗ, ಪಕ್ಕದ ಹೊಲದ ರೂಬೆನ್ ಹಾರ್ಮ್ಸ್ ಎದ್ದು ನಿಂತು, ವಿದ್ಯೆಗೆ ವಯಸ್ಸಿನ ಬೇಲಿ ಹಾಕಬಾರದು ಎಂದು ಪಾದ್ರಿಯಂತೆ ಉಪದೇಶಿಸಿದ್ದ. ವರ್ನನ್ನನಿಗೆ ವಿದ್ಯೆಗಿಂತ ಅದರ ಲೆಕ್ಕಾಚಾರ ಹಿಡಿಸಿತು: ಬೇಗ ಶುರುವಾದದ್ದು ಬೇಗ ಮುಗಿಯುತ್ತದೆ, ಮಗಳು ಬೇಗ ಗಾಡಿಗೆ ಮರಳುತ್ತಾಳೆ. ಅಂದಿನಿಂದ ಚರ್ಚಿನಲ್ಲಿ, ಕಾಳಿನ ಮಂಡಿಯಲ್ಲಿ, ಕ್ಷೌರದ ಕುರ್ಚಿಯಲ್ಲಿ ತನ್ನ ಹುಡುಗಿ ಆಗಲೇ ಕಾಲೇಜಿನವಳು ಎಂದು ಹೇಳಿಕೊಂಡು ತಿರುಗಿದ.

ಮಳೆಗೆ ಮೊದಲು ಗಾಡಿಗೆ ಕರೆಯೋಣವೆಂದರೆ ಮಧ್ಯಾಹ್ನ ಡೆಲೇನಿ ಫೋನಿಗೆ ಸಿಗಲಿಲ್ಲ. ವರ್ನನ್ ಯಂತ್ರ ನಿಲ್ಲಿಸಿ, ಹೊಟ್ಟು ಮೆತ್ತಿದ ಬಟ್ಟೆಯಲ್ಲೇ ಕಾಲೇಜಿಗೆ ಹೋದ.

ಕಚೇರಿಯ ಹೆಂಗಸು ತಾಳ್ಮೆಯಿಂದ ಕೇಳಿಸಿಕೊಂಡಳು. "ಅವರು ಇಲ್ಲಿ ಓದ್ತಾರೋ ಇಲ್ವೋ, ಅದನ್ನೂ ನಾನು ಹೇಳೋ ಹಾಗಿಲ್ಲ ಸರ್."

"ಅವಳು ನನ್ನ ಮಗಳಮ್ಮಾ. ಬೆಳಗ್ಗೆ ಮೊಟ್ಟೆ ಹುರಿದುಕೊಟ್ಟವನು ನಾನು."

"ಹೈಸ್ಕೂಲಲ್ಲಿ ನಿಮ್ಮ ಮಗಳು. ಕಾಲೇಜಿಗೆ ಸೇರಿದ ಮೇಲೆ ವಯಸ್ಸೆಷ್ಟಿದ್ರೂ ಅವರ ವಿಷಯ ಅವರದೇ. ಅವರ ಒಪ್ಪಿಗೆ ತನ್ನಿ."

"ಒಪ್ಪಿಗೆ ತರೋಕೆ ಅವಳು ಸಿಗಬೇಕಲ್ಲ."

ಆಕೆ ನಕ್ಕು ಸಾಲಿನಲ್ಲಿ ಮುಂದಿನವರನ್ನು ಕರೆದಳು. ವರ್ನನ್ ಒಂದೊಂದೇ ತರಗತಿಯಲ್ಲಿ ಇಣುಕುತ್ತ ಹೋದ. ಒಬ್ಬ ಮೇಷ್ಟರು ಅವನನ್ನು ಹೀಟರ್ ರಿಪೇರಿಯವನೆಂದು ತಿಳಿದು ನೆಲಮಾಳಿಗೆಗೆ ಕಳಿಸಿದರು. ಅಲ್ಲಿಂದ ಕಾವಲಿನವನು ಅವನನ್ನು ಮರ್ಯಾದೆಯಿಂದ ಹೊರಬಾಗಿಲ ತನಕ ಬಿಟ್ಟುಹೋದ.

ಹಿಂದಿರುಗುವಾಗ ರೂಬೆನ್ನನ ಹೊಲ ಎದುರಾಯಿತು. ಒಂದೇ ಒಂದು ಪಟ್ಟಿ ಬಿಟ್ಟು ಉಳಿದದ್ದೆಲ್ಲ ಬೋಳಿಸಿದ ಗಲ್ಲದಂತಿತ್ತು. ಓಡುವ ಕಟಾವು ಯಂತ್ರದ ಮಗ್ಗುಲಲ್ಲೇ ಕಾಳಿನ ಗಾಡಿಯೂ ಓಡುತ್ತಿತ್ತು. ಒಂದು ಕಾಳೂ ಚೆಲ್ಲುತ್ತಿರಲಿಲ್ಲ. ಇಂಥ ಕೈ ಯಾರದಪ್ಪ ಎಂದು ವರ್ನನ್ ಹೊಲಕ್ಕಿಳಿದ. ಟ್ರ್ಯಾಕ್ಟರಿನ ಕಿಟಕಿಯಿಂದ ಡೆಲೇನಿ ಕೈಬೀಸಿದಳು.

"ಇಲ್ಲೇನು ಮಾಡ್ತಿದ್ದೀಯೇ?"

"ಕಾಲೇಜು, ಅಪ್ಪಾ. ಕೃಷಿ ಪಾಠದಲ್ಲಿ ಹೊಲದ ಕೆಲಸಕ್ಕೇ ಅಂಕ. ಹೇಳಿದ್ನಲ್ಲ, ನೀನು ಕಿವಿಗೇ ಹಾಕ್ಕೊಳ್ಳಲಿಲ್ಲ."

"ಅದನ್ನ ನಮ್ಮ ಹೊಲದಲ್ಲಿ ಮಾಡೋಕೇನು ರೋಗ?"

"ಅಪ್ಪನ ಹೊಲ ಲೆಕ್ಕಕ್ಕಿಲ್ಲ. ಬೇರೆಯವರ ಹತ್ತಿರವೇ ಕಲೀಬೇಕು."

ರೂಬೆನ್ ಯಂತ್ರ ನಿಲ್ಲಿಸಿ ಇಳಿದು ಬಂದ. ಮಳೆಯ ಮೊದಲ ಹನಿಗಳು ವರ್ನನ್ನನ ಟೋಪಿಯ ಮೇಲೆ ಬಿದ್ದವು.

"ನಾನು ಕಲಿಸೋಕೆ ಏನೂ ಉಳಿದಿಲ್ಲ ವರ್ನ್, ಎಲ್ಲ ನೀನೇ ಕಲಿಸಿಬಿಟ್ಟಿದ್ದೀಯ. ಪೂರ್ತಿ ಅಂಕ ಕೊಡ್ತೀನಿ. ನಿನ್ನ ಋಣ ನನ್ನ ಮೇಲಿದೆ."

"ಹಾಗಾದ್ರೆ ಈಗಲೇ ತೀರಿಸು. ಬಂದು ನನ್ನ ಗಾಡಿ ಹಿಡಿ."

ರೂಬೆನ್ ಅಂಗೈ ಚಾಚಿ ಹನಿ ಹಿಡಿದು ನೋಡಿದ. ಒದ್ದೆ ಜೋಳ ಕೊಯ್ಯಬಾರದು ಎಂಬುದನ್ನು ಯಾವ ಕಾಲೇಜಿನಲ್ಲಾದರೂ ಮೊದಲ ದಿನವೇ ಹೇಳಿಕೊಡುತ್ತಾರೆ ಎಂದ.